ಸಾಲದ ವರದಿಗೆ ಬೀಗ ಹಾಕಬಹುದೇ? ಗುರುತಿನ ಕಳವು ತಡೆಯಲು ಗ್ರಾಹಕರಿಗಿರುವ ದಾರಿಗಳು

ಬಳ್ಳಾರಿ: ಸಿರುಗುಪ್ಪದ ರೈತನೊಬ್ಬ ಮುಂಗಾರಿಗೆ ಮುನ್ನ ಬೆಳೆಸಾಲ ಕೇಳಲು ಬ್ಯಾಂಕಿಗೆ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಪಹಣಿ, ಆಧಾರ್, ಪ್ಯಾನ್ ಕಾರ್ಡ್ ಎಲ್ಲವೂ ಸರಿಯಾಗಿವೆ. ಹಿಂದಿನ ಸಾಲವೂ ತೀರಿದೆ. ಆದರೆ ಗಣಕಯಂತ್ರದ ಪರದೆ ನೋಡಿದ ವ್ಯವಸ್ಥಾಪಕರು, ‘ನಿಮ್ಮ ಹೆಸರಿನಲ್ಲಿ ಇನ್ನೊಂದು ಸಾಲ ಸುಸ್ತಿಯಾಗಿದೆಯಲ್ಲ’ ಎನ್ನುತ್ತಾರೆ. ಆ ಸಾಲ ಕೊಟ್ಟ ಕಂಪೆನಿಯ ಹೆಸರನ್ನು ರೈತ ಕೇಳಿಯೇ ಇಲ್ಲ. ನಾಟಿಯ ಕಾಲ ಕಾಯುವುದಿಲ್ಲ. ಬ್ಯಾಂಕ್ ಕೊಡದಿದ್ದರೆ ಕೈಗಡಕ್ಕೋ ಖಾಸಗಿ ಬಡ್ಡಿ ಸಾಲಕ್ಕೋ ಕೈಚಾಚದೆ ಅವನಿಗೆ ಗತ್ಯಂತರವಿಲ್ಲ.

ಇದೊಂದು ಉದಾಹರಣೆ ಮಾತ್ರ. ಆದರೆ ಇಂಥ ವಂಚನೆ ನಮ್ಮ ದೇಶಕ್ಕೆ ಹೊಸದೇನಲ್ಲ. ತಮ್ಮ ಪ್ಯಾನ್ ಸಂಖ್ಯೆ ಬಳಸಿ ಯಾರೋ 2,000 ರೂಪಾಯಿ ಸಾಲ ಎತ್ತಿದ್ದಾರೆಂದು ಹಿಂದಿ ಚಿತ್ರನಟಿ ಸನ್ನಿ ಲಿಯೋನ್ 2022ರ ಫೆಬ್ರುವರಿಯಲ್ಲಿ ಬಹಿರಂಗವಾಗಿ ದೂರಿದ್ದರು. ಆ ದಿನಗಳಲ್ಲೇ ಇನ್ನೂ ಅನೇಕರು, ತಾವು ಕೇಳದ ಸಾಲಗಳು ತಮ್ಮ ವರದಿಯಲ್ಲಿ ಕಾಣಿಸಿಕೊಂಡಿವೆ ಎಂದು ಹೇಳಿಕೊಂಡಿದ್ದರು. ಖ್ಯಾತ ನಟಿಯ ದೂರು ಮರುದಿನವೇ ಸುದ್ದಿಯಾಗುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಕಾರ್ಮಿಕನ ಅಥವಾ ಕುರುಗೋಡಿನ ಸ್ವಸಹಾಯ ಗುಂಪಿನ ಸದಸ್ಯೆಯ ದೂರು ಹಾಗೆ ಸುದ್ದಿಯಾಗದು. ಅವರು ತಾವೇ ಎಚ್ಚರವಹಿಸಬೇಕು, ತಾವೇ ಓಡಾಡಬೇಕು. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಏನಿದು ಸಾಲ ಮಾಹಿತಿ ವರದಿ?

ಬ್ಯಾಂಕುಗಳು, ಹಣಕಾಸು ಕಂಪೆನಿಗಳು, ಕಿರುಸಾಲ ಸಂಸ್ಥೆಗಳು ಮತ್ತು ಕ್ರೆಡಿಟ್ ಕಾರ್ಡ್ ನೀಡುವ ಸಂಸ್ಥೆಗಳು ತಮ್ಮ ಗ್ರಾಹಕರ ಸಾಲದ ವಿವರಗಳನ್ನು ಸಾಲ ಮಾಹಿತಿ ಕಂಪೆನಿಗಳಿಗೆ ಕಳುಹಿಸುತ್ತವೆ. ಯಾರು ಎಷ್ಟು ಸಾಲ ಪಡೆದರು, ಕಂತು ಸಕಾಲಕ್ಕೆ ಬಂತೇ, ಎಷ್ಟು ದಿನ ತಡವಾಯಿತು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಮುಂದೆ ಆ ವ್ಯಕ್ತಿ ಬೇರೆ ಕಡೆ ಸಾಲ ಕೇಳಿದಾಗ, ಅಲ್ಲಿನ ಬ್ಯಾಂಕ್ ಈ ದಾಖಲೆಯನ್ನು ತರಿಸಿಕೊಂಡು ನೋಡುತ್ತದೆ. ಇದೇ ಸಾಲ ಮಾಹಿತಿ ವರದಿ. ಇದರ ಆಧಾರದ ಮೇಲೆ 300ರಿಂದ 900ರವರೆಗೆ ಕೊಡುವ ಅಂಕವನ್ನು ಜನ ‘ಸಿಬಿಲ್ ಸ್ಕೋರ್’ ಎಂದೇ ಕರೆಯುತ್ತಾರೆ.

ಆದರೆ ಸಿಬಿಲ್ ಒಂದೇ ಅಲ್ಲ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪೆನಿಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ಈ ಕೆಲಸ ಮಾಡುತ್ತಿವೆ. 2005ರ ಸಾಲ ಮಾಹಿತಿ ಕಂಪೆನಿಗಳ (ನಿಯಂತ್ರಣ) ಕಾಯ್ದೆ ಇವುಗಳಿಗೆ ಅನ್ವಯವಾಗುತ್ತದೆ. ತನ್ನ ವರದಿಯ ಪ್ರತಿ ಪಡೆಯುವ ಮತ್ತು ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು ಈ ಕಾಯ್ದೆ ಪ್ರತಿಯೊಬ್ಬ ಸಾಲಗಾರನಿಗೂ ಕೊಟ್ಟಿದೆ. ಅಧಿಕಾರವಿಲ್ಲದೆ ಇನ್ನೊಬ್ಬರ ವರದಿಯನ್ನು ಪಡೆಯುವುದು ದಂಡಾರ್ಹ ಅಪರಾಧ.

ಗುರುತು ಕಳವಾಗುವುದೆಲ್ಲಿ?

ಹೆಸರು, ಜನ್ಮದಿನಾಂಕ, ಪ್ಯಾನ್, ಆಧಾರ್, ಮೊಬೈಲ್ ಸಂಖ್ಯೆ, ಬೆರಳಚ್ಚು ಇವೇ ಇಂದು ನಮ್ಮ ಗುರುತು. ಇವುಗಳ ನಕಲು ಪ್ರತಿಗಳನ್ನು ನಾವು ಸಿಮ್ ಅಂಗಡಿ, ಜೆರಾಕ್ಸ್ ಅಂಗಡಿ, ವಸತಿಗೃಹ, ಬಾಡಿಗೆ ಮನೆ, ಕಂತಿನಲ್ಲಿ ಮೊಬೈಲ್ ಮಾರುವ ಮಳಿಗೆ ಹೀಗೆ ಹತ್ತಾರು ಕಡೆ ಬಿಟ್ಟು ಬರುತ್ತೇವೆ. ಯಾವ ಕೆಲಸಕ್ಕೆ ಕೊಟ್ಟೆವೆಂಬುದನ್ನು ಪ್ರತಿಯ ಮೇಲೆ ಬರೆಯುವವರು ವಿರಳ.

ಬೆರಳಚ್ಚು ಕೂಡ ಕಳವಾಗುತ್ತದೆ ಎಂಬುದು ಕರ್ನಾಟಕಕ್ಕೆ ಗೊತ್ತಾದದ್ದು 2023ರಲ್ಲಿ. ಉಪನೋಂದಣಿ ಕಚೇರಿಯಲ್ಲಿ ಆಸ್ತಿ ಪತ್ರ ನೋಂದಾಯಿಸಿದ ಬಳಿಕ ಹಲವರ ಖಾತೆಗಳಿಂದ ಹಣ ಮಾಯವಾಗಿತ್ತು. ಕಾವೇರಿ ತಂತ್ರಾಂಶದಲ್ಲಿ ದೊರೆಯುತ್ತಿದ್ದ ನೋಂದಣಿ ಪತ್ರಗಳಿಂದ ಆಧಾರ್ ಸಂಖ್ಯೆ ಹಾಗೂ ಬೆರಳಚ್ಚು ತೆಗೆದು, ಅದರ ಅಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಎಗರಿಸಲಾಗಿತ್ತು. ಮಂಗಳೂರು ಹಾಗೂ ಬೆಂಗಳೂರಿನಲ್ಲಿ ಇಂಥ ಪ್ರಕರಣಗಳು ದಾಖಲಾಗಿ ಬಂಧನಗಳೂ ನಡೆದವು. ಈ ಪಾವತಿಗೆ ಒಟಿಪಿ ಬೇಕಿಲ್ಲ, ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳು ಇದ್ದರೆ ಸಾಕು. ಗ್ರಾಮೀಣ ಭಾಗಕ್ಕೆ ವರವಾಗಿದ್ದ ಸೌಲಭ್ಯವೇ ವಂಚಕರಿಗೂ ಅನುಕೂಲವಾಯಿತು.

ಕಿರುಸಾಲಗಳಲ್ಲಿ ಇನ್ನೊಂದು ತೊಡಕಿದೆ. ಪ್ಯಾನ್ ಇಲ್ಲದವರಿಗೂ ಇಲ್ಲಿ ಸಾಲ ದೊರೆಯುವುದರಿಂದ ಮತದಾರರ ಚೀಟಿಯಂಥ ದಾಖಲೆ, ಹೆಸರು, ವಿಳಾಸಗಳನ್ನು ಹೊಂದಿಸಿಯೇ ಸಾಲಗಾರನನ್ನು ಗುರುತಿಸಬೇಕಾಗುತ್ತದೆ. ನಮ್ಮ ಸೀಮೆಯಲ್ಲಿ ಬಸವರಾಜ, ಪಂಪಾಪತಿ, ಹುಲಿಗೆಮ್ಮ ಎಂಬ ಹೆಸರಿನವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಒಂದೇ ಹೆಸರು ಒಂದು ದಾಖಲೆಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ ಬರೆದಿರುತ್ತದೆ. ಹೀಗಾಗಿ ಕಳ್ಳತನವಿಲ್ಲದೆಯೂ ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಸೇರಬಹುದು. ಕಳವಾಗಲಿ, ಬೆರಕೆಯಾಗಲಿ, ಪರಿಣಾಮ ಒಂದೇ: ಅರ್ಹನಿಗೆ ಸಾಲ ಸಿಗುವುದಿಲ್ಲ.

ಅಮೆರಿಕದಲ್ಲಿರುವ ಬೀಗ

ಈ ಸಮಸ್ಯೆಗೆ ಅಮೆರಿಕ ಕಂಡುಕೊಂಡ ಉಪಾಯ ಸರಳವಾದುದು. ಸಾಲ ಕೊಡುವ ಮೊದಲು ಪ್ರತಿ ಬ್ಯಾಂಕೂ ವರದಿ ನೋಡುತ್ತದೆ. ವರದಿಯೇ ಸಿಗದಂತೆ ಮಾಡಿದರೆ ಕಳ್ಳನ ಅರ್ಜಿಗೆ ಸಾಲ ಮಂಜೂರಾಗದು. ಇದನ್ನೇ ಅಲ್ಲಿ ‘ಫ್ರೀಜ್’ ಎನ್ನುತ್ತಾರೆ. ಕನ್ನಡದಲ್ಲಿ ವರದಿ ಸ್ತಂಭನ ಎನ್ನಬಹುದು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2003ರಲ್ಲಿ ಇಂಥ ಕಾನೂನು ಮೊದಲಿಗೆ ಜಾರಿಗೆ ಬಂತು. 2017ರಲ್ಲಿ ಈಕ್ವಿಫ್ಯಾಕ್ಸ್ ಕಂಪೆನಿಯಿಂದ ಸುಮಾರು 14.7 ಕೋಟಿ ಜನರ ವಿವರ ಸೋರಿಕೆಯಾದ ಮೇಲೆ ಅಲ್ಲಿನ ಸಂಸತ್ತು ಎಚ್ಚೆತ್ತುಕೊಂಡಿತು. 2018ರ ಸೆಪ್ಟೆಂಬರ್ 21ರಿಂದ ಇಡೀ ದೇಶದಲ್ಲಿ ವರದಿಗೆ ಬೀಗ ಹಾಕುವುದು ಮತ್ತು ತೆಗೆಯುವುದು ಎರಡೂ ಉಚಿತ. ದೂರವಾಣಿ ಅಥವಾ ಅಂತರ್ಜಾಲದ ಮೂಲಕ ಕೋರಿದರೆ ಒಂದು ಕೆಲಸದ ದಿನದೊಳಗೆ ಬೀಗ ಬೀಳಬೇಕು. ಗ್ರಾಹಕನೇ ತೆಗೆಯಿರಿ ಎಂದರೆ ಒಂದು ಗಂಟೆಯೊಳಗೆ ತೆಗೆಯಬೇಕು.

ಅಲ್ಲಿ ಉಳಿತಾಯ ಖಾತೆಗೂ ಪ್ರತ್ಯೇಕ ವರದಿಯುಂಟು. ಖಾತೆ ತೆರೆಯುವ ಮುನ್ನ ಅನೇಕ ಬ್ಯಾಂಕುಗಳು ಚೆಕ್ಸ್‌ಸಿಸ್ಟಮ್ಸ್ ಎಂಬ ಸಂಸ್ಥೆಯ ದಾಖಲೆ ನೋಡುತ್ತವೆ. ಬೇರೆಯವರು ನಿಮ್ಮ ಹೆಸರಿನಲ್ಲಿ ಖಾತೆ ತೆರೆದು ಖೊಟ್ಟಿ ಚೆಕ್ ಕೊಟ್ಟರೆ ಕೆಟ್ಟ ಹೆಸರು ಅಲ್ಲಿ ನಿಮಗೆ ಅಂಟುತ್ತದೆ. ಈ ವರದಿಗೂ ಉಚಿತವಾಗಿ ಬೀಗ ಹಾಕಬಹುದು. ಆದರೆ ಮೂರು ದೊಡ್ಡ ಸಾಲ ಮಾಹಿತಿ ಕಂಪೆನಿಗಳಿಗೆ ಹಾಕಿದ ಬೀಗ ಇದಕ್ಕೆ ತಗಲುವುದಿಲ್ಲ, ಬೇರೆಯಾಗಿಯೇ ಕೋರಬೇಕು. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಇದನ್ನು ಗಮನಿಸಬೇಕು. ಊರಿಗೆ ದೀರ್ಘ ರಜೆಯಲ್ಲಿ ಬರುವವರಂತೂ ಹೊರಡುವ ಮುನ್ನ ಬೀಗ ಹಾಕಿ ಬರುವುದು ಕ್ಷೇಮ.

ನಮ್ಮಲ್ಲಿ ಇಲ್ಲದ್ದೇನು, ಇರುವುದೇನು?

ಭಾರತದಲ್ಲಿ ವರದಿಯನ್ನು ಉಚಿತವಾಗಿ ಸ್ತಂಭನಗೊಳಿಸುವ ಹಕ್ಕನ್ನು 2005ರ ಕಾಯ್ದೆ ಗ್ರಾಹಕನಿಗೆ ನೀಡಿಲ್ಲ. ಉಳಿತಾಯ ಖಾತೆಗಳ ಚರಿತ್ರೆ ಹೇಳುವ ವರದಿಯೂ ಇಲ್ಲಿಲ್ಲ. ಆದ್ದರಿಂದ ‘ನಿಮ್ಮ ಸಿಬಿಲ್ ಫ್ರೀಜ್ ಮಾಡಿಕೊಡುತ್ತೇವೆ’, ‘ಸ್ಕೋರ್ ಸರಿಪಡಿಸುತ್ತೇವೆ’ ಎಂದು ಹಣ ಕೇಳುವ ಕರೆಗಳನ್ನು ನಂಬಬಾರದು.

ಬೀಗವಿಲ್ಲದಿದ್ದರೂ ಕಾವಲಿಗೆ ಬೇಕಾದ ಕೆಲವು ಹಕ್ಕುಗಳು ಹಂತಹಂತವಾಗಿ ದೊರೆತಿವೆ. ಅವು ಹೀಗಿವೆ:

- ವರ್ಷಕ್ಕೊಂದು ಉಚಿತ ವರದಿ: 2017ರಿಂದ ಪ್ರತಿಯೊಂದು ಸಾಲ ಮಾಹಿತಿ ಕಂಪೆನಿಯೂ ವರ್ಷಕ್ಕೊಮ್ಮೆ ಅಂಕಸಹಿತ ಪೂರ್ಣ ವರದಿಯನ್ನು ಕೇಳಿದವರಿಗೆ ಉಚಿತವಾಗಿ ಕೊಡಬೇಕು. ಕಂಪೆನಿಗಳು ನಾಲ್ಕಿರುವುದರಿಂದ ಜಾಣರು ವರ್ಷದಲ್ಲಿ ನಾಲ್ಕು ಬಾರಿ ನೋಡಬಹುದು. ಸಂಕ್ರಾಂತಿ, ಯುಗಾದಿ, ನಾಗರಪಂಚಮಿ, ದೀಪಾವಳಿಗೆ ಒಂದೊಂದು ಕಂಪೆನಿಯ ವರದಿ ಎಂದಿಟ್ಟುಕೊಂಡರೆ ಮರೆವಿಗೆ ಆಸ್ಪದವಿಲ್ಲ.

- ಎಚ್ಚರಿಕೆ ಸಂದೇಶ: ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಹೊರಡಿಸಿದ ಆದೇಶದಂತೆ, ಯಾವುದೇ ಬ್ಯಾಂಕ್ ನಿಮ್ಮ ವರದಿ ತರಿಸಿಕೊಂಡಾಗ ಸಾಲ ಮಾಹಿತಿ ಕಂಪೆನಿಯು ನಿಮಗೆ ಎಸ್‌ಎಂಎಸ್ ಅಥವಾ ಇ-ಮೇಲ್ ಕಳುಹಿಸಬೇಕು. ನಿಮ್ಮ ಸರಿಯಾದ ಸಂಖ್ಯೆ ಅಥವಾ ವಿಳಾಸ ಅವರ ದಾಖಲೆಯಲ್ಲಿದ್ದರೆ ಮಾತ್ರ ಇದು ತಲುಪುತ್ತದೆ. ಹಳೆಯ ಸಿಮ್ ಬಿಟ್ಟವರು ಹೊಸ ಸಂಖ್ಯೆಯನ್ನು ಬ್ಯಾಂಕಿಗೆ ತಿಳಿಸಲೇಬೇಕು.

- ತಿದ್ದುಪಡಿಗೆ ಗಡುವು: ದೂರು ಕೊಟ್ಟ 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಅನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡಬೇಕು. ಈ 30 ದಿನಗಳಲ್ಲಿ 21 ದಿನ ಸಾಲ ಕೊಟ್ಟ ಸಂಸ್ಥೆಗೆ, ಉಳಿದ ಅವಧಿ ಮಾಹಿತಿ ಕಂಪೆನಿಗೆ. ಈ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು.

- ಬೇಗನೆ ದಾಖಲಾತಿ: 2025ರ ಜನವರಿ 1ರಿಂದ ಸಾಲದ ವಿವರಗಳನ್ನು ಕನಿಷ್ಠ 15 ದಿನಕ್ಕೊಮ್ಮೆ ಕಳುಹಿಸಬೇಕೆಂಬ ನಿಯಮ ಬಂದಿದೆ. ನಿಮ್ಮ ಹೆಸರಿನ ಕಳ್ಳಸಾಲ ಬೇಗ ಕಣ್ಣಿಗೆ ಬೀಳಲು ಇದು ಸಹಾಯಕ.

ಉಳಿತಾಯ ಖಾತೆಗೆ ಸಂಬಂಧಿಸಿ ಒಂದು ಅಡ್ಡದಾರಿಯೂ ಇದೆ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ 2021ರಿಂದ ದೊರೆಯುತ್ತಿರುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ (ಎಐಎಸ್) ನಿಮ್ಮ ಪ್ಯಾನ್‌ಗೆ ಜಮೆಯಾದ ಬ್ಯಾಂಕ್ ಬಡ್ಡಿಯ ವಿವರವಿರುತ್ತದೆ. ನೀವು ಖಾತೆಯನ್ನೇ ತೆರೆಯದ ಬ್ಯಾಂಕಿನ ಬಡ್ಡಿ ಅಲ್ಲಿ ಕಂಡರೆ ಎಚ್ಚರಗೊಳ್ಳಬೇಕು.

ಬೆರಳಚ್ಚಿಗೆ ಬೀಗ

ನಮ್ಮಲ್ಲಿ ಗ್ರಾಹಕನ ಕೈಗೇ ಕೀಲಿ ಕೊಟ್ಟಿರುವ ಸ್ಥಳ ಆಧಾರ್. ಪ್ರಾಧಿಕಾರದ (ಯುಐಡಿಎಐ) ಜಾಲತಾಣ ಅಥವಾ ಆ್ಯಪ್ ಮೂಲಕ ಬೆರಳಚ್ಚು, ಕಣ್ಣಿನ ಪಾಪೆ ಮತ್ತು ಮುಖಚಹರೆಯ ದೃಢೀಕರಣಕ್ಕೆ ಬೀಗ ಹಾಕಬಹುದು. ಬೀಗ ಬಿದ್ದ ಮೇಲೆ ಯಾರೇ ಬೆರಳಿಟ್ಟರೂ, ಅದು ನಿಮ್ಮದೇ ಬೆರಳಾದರೂ, ದೃಢೀಕರಣವಾಗದು. ಒಟಿಪಿ ಮೂಲಕ ನಡೆಯುವ ವ್ಯವಹಾರಗಳಿಗೆ ಅಡ್ಡಿಯಿಲ್ಲ. ಇದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ವಿವರಗಳಿಗೆ ಸಹಾಯವಾಣಿ 1947.

ಇಲ್ಲೊಂದು ವ್ಯಾವಹಾರಿಕ ತೊಂದರೆಯಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ಬೆರಳಿಡಬೇಕು. ಬ್ಯಾಂಕ್ ಪ್ರತಿನಿಧಿಯ ಬಳಿ ಪಿಂಚಣಿ ಹಣ ತೆಗೆಯುವ ವೃದ್ಧರೂ ಬೆರಳಿಡಬೇಕು. ಬೀಗ ಹಾಕಿದವರು ಆ ಹೊತ್ತಿಗೆ ಮೊಬೈಲ್‌ನಲ್ಲಿ ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ. ನಗರದಲ್ಲಿ ಸಂಬಳದಾರರಿಗೆ ಇದು ಕಷ್ಟವಲ್ಲ. ಹಳ್ಳಿಯ ಮನೆಗಳಲ್ಲಿ ಪಡಿತರ ತರುವ ಸದಸ್ಯರೊಬ್ಬರನ್ನು ಬಿಟ್ಟು ಉಳಿದವರು ಬೀಗ ಹಾಕಿಕೊಂಡರೆ ಅನುಕೂಲ. ಬೆರಳಿನ ಪಾವತಿ ಬೇಡವಾದವರು ಖಾತೆಗೆ ಆ ಸೌಲಭ್ಯ ನಿಲ್ಲಿಸಲು ತಮ್ಮ ಶಾಖೆಗೆ ಲಿಖಿತವಾಗಿ ಕೋರಬಹುದು. ನಕಲು ಪ್ರತಿ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡುವುದು ಒಳ್ಳೆಯದು.

ಮೊಬೈಲ್ ಸಂಖ್ಯೆಯೂ ಗುರುತಿನ ಭಾಗವೇ. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು. ಸಾಲದ ಆ್ಯಪ್‌ಗಳಿಗೆ ವಿವರ ಕೊಡುವ ಮುನ್ನ, ಅದು ಯಾವ ಬ್ಯಾಂಕ್ ಅಥವಾ ನೋಂದಾಯಿತ ಹಣಕಾಸು ಕಂಪೆನಿಗೆ ಸೇರಿದ್ದೆಂದು ರಿಸರ್ವ್ ಬ್ಯಾಂಕ್ ಜಾಲತಾಣದಲ್ಲಿ 2025ರ ಜುಲೈನಿಂದ ಪ್ರಕಟವಾಗುತ್ತಿರುವ ಪಟ್ಟಿಯಲ್ಲಿ ಪರಿಶೀಲಿಸಬೇಕು.

ವರದಿ ಓದುವ ಕ್ರಮ

ಅನೇಕರು ಅಂಕ ನೋಡಿ ವರದಿಯನ್ನು ಮುಚ್ಚಿಬಿಡುತ್ತಾರೆ. ಕಳ್ಳ ಸಿಗುವುದು ಅಂಕದಲ್ಲಲ್ಲ, ಒಳಪುಟಗಳಲ್ಲಿ. ಮೊದಲು ವಿಳಾಸ ಮತ್ತು ದೂರವಾಣಿ ಸಂಖ್ಯೆಗಳ ಭಾಗ ನೋಡಬೇಕು. ನೀವೆಂದೂ ವಾಸಿಸದ ಊರು, ನಿಮ್ಮದಲ್ಲದ ಸಂಖ್ಯೆ ಅಲ್ಲಿದ್ದರೆ ಅದು ಮೊದಲ ಸುಳಿವು. ಅನಂತರ ಖಾತೆಗಳ ಪಟ್ಟಿ. ಪ್ರತಿ ಸಾಲದ ಸಂಸ್ಥೆ, ಮೊತ್ತ, ಆರಂಭದ ದಿನ ನಿಮಗೆ ಗೊತ್ತಿರುವುದೇ ಎಂದು ಹೋಲಿಸಬೇಕು. ಕೊನೆಯದು ವಿಚಾರಣೆಗಳ ಪಟ್ಟಿ. ಯಾವ ಯಾವ ಸಂಸ್ಥೆ ಯಾವಾಗ ನಿಮ್ಮ ವರದಿ ಕೇಳಿತ್ತು ಎಂಬುದು ಇಲ್ಲಿರುತ್ತದೆ. ನೀವು ಅರ್ಜಿಯನ್ನೇ ಹಾಕದ ಸಂಸ್ಥೆಯ ಹೆಸರು ಇಲ್ಲಿ ಕಂಡರೆ ಯಾರೋ ನಿಮ್ಮ ಹೆಸರಿನಲ್ಲಿ ಬಾಗಿಲು ತಟ್ಟುತ್ತಿದ್ದಾರೆ ಎಂದರ್ಥ. ಸಾಲ ಮಂಜೂರಾಗುವ ಮೊದಲೇ ತಡೆಯಲು ಇದೇ ಅವಕಾಶ.

ಒಂದು ಭೇದವನ್ನು ಮರೆಯಬಾರದು. ನೆಂಟರಿಗೋ ಸ್ನೇಹಿತರಿಗೋ ಜಾಮೀನು ಹಾಕಿದ್ದರೆ ಆ ಸಾಲವೂ ನಿಮ್ಮ ವರದಿಯಲ್ಲಿ ಬರುತ್ತದೆ. ಅದು ಕಳವಲ್ಲ. ಅವರು ಕಂತು ಕಟ್ಟದಿದ್ದರೆ ಅದರ ಹೊಣೆ ನಿಮ್ಮದೂ ಹೌದು. ಇನ್ನು, ನಿಮ್ಮ ವರದಿಯನ್ನು ನೀವೇ ಎಷ್ಟು ಬಾರಿ ನೋಡಿದರೂ ಅಂಕ ಇಳಿಯುವುದಿಲ್ಲ. ಈ ತಪ್ಪುಕಲ್ಪನೆಯಿಂದ ಎಷ್ಟೋ ಮಂದಿ ನೋಡಲು ಹೆದರುತ್ತಾರೆ.

ನಿಮ್ಮದಲ್ಲದ ಸಾಲ ಕಂಡರೆ

1. ವರದಿಯ ಪ್ರತಿಯನ್ನು ದಿನಾಂಕಸಹಿತ ಉಳಿಸಿಕೊಳ್ಳಿ. ಸಾಲ ವಸೂಲಿಗೆ ಬಂದವರು ಒತ್ತಾಯಿಸಿದರೆಂದು ‘ಒಂದು ಕಂತು ಕಟ್ಟಿ ಮುಗಿಸೋಣ’ ಎನ್ನಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತೆ ಆದೀತು.

2. ಸಾಲ ಮಾಹಿತಿ ಕಂಪೆನಿಯ ಜಾಲತಾಣದಲ್ಲಿ ಉಚಿತವಾಗಿ ತಕರಾರು ದಾಖಲಿಸಿ, ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದು ಕಂಪೆನಿಯಲ್ಲಿ ಕಂಡದ್ದು ಉಳಿದ ಮೂರರಲ್ಲೂ ಇರಬಹುದು, ಅವನ್ನೂ ನೋಡಿ.

3. ಸಾಲ ಕೊಟ್ಟ ಸಂಸ್ಥೆಗೂ ಲಿಖಿತ ದೂರು ಕೊಡಿ. ಅರ್ಜಿಯ ಪ್ರತಿ, ಅದಕ್ಕೆ ಹಚ್ಚಿದ ಭಾವಚಿತ್ರ, ಸಹಿ, ಹಣ ಜಮೆಯಾದ ಖಾತೆಯ ವಿವರ ಕೇಳಿ. ಹಣ ಹೋದ ಖಾತೆ ನಿಮ್ಮದಲ್ಲವೆಂದು ತೋರಿಸುವುದೇ ಬಲವಾದ ಸಾಕ್ಷ್ಯ.

4. ಪೊಲೀಸರಿಗೆ ದೂರು ನೀಡಿ. ಇನ್ನೊಬ್ಬರ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾದ ಅಪರಾಧ. ಖಾತೆಯಿಂದ ಹಣವೇ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಅಂದೇ ತಿಳಿಸಿ. ತಡವಾದಷ್ಟೂ ಹಣ ಮರಳುವ ಸಾಧ್ಯತೆ ಕುಗ್ಗುತ್ತದೆ.

5. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. 2022ರ ಸೆಪ್ಟೆಂಬರ್ 1ರಿಂದ ಸಾಲ ಮಾಹಿತಿ ಕಂಪೆನಿಗಳೂ ಇದರ ವ್ಯಾಪ್ತಿಗೆ ಬಂದಿವೆ. ಮಾಹಿತಿಗೆ ದೂರವಾಣಿ 14448. ವಕೀಲರು ಬೇಕಿಲ್ಲ.

ಬಳ್ಳಾರಿ ಜಿಲ್ಲೆಯವರ ಗಮನಕ್ಕೆ

ಸೈಬರ್ ಅಪರಾಧಗಳಿಗೆ ಬಳ್ಳಾರಿ ನಗರದಲ್ಲಿ ಪ್ರತ್ಯೇಕ ಸಿಇಎನ್ ಪೊಲೀಸ್ ಠಾಣೆಯಿದೆ. ಆದರೆ ಸಿರುಗುಪ್ಪ, ಕುರುಗೋಡಿನವರು ಅಲ್ಲಿಗೇ ಬರಬೇಕೆಂದಿಲ್ಲ, ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಮನೆಯಿಂದಲೇ ದಾಖಲಿಸಲೂ ಬರುತ್ತದೆ. ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ವಿಲೀನಗೊಂಡು ರೂಪುಗೊಂಡ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇರುವುದರಿಂದ, ಅದರ ಗ್ರಾಹಕರು ಶಾಖೆಯಲ್ಲಿ ಪರಿಹಾರ ಸಿಗದಿದ್ದರೆ ಮೇಲಿನ ಹಂತಕ್ಕೂ ಜಿಲ್ಲಾ ಕೇಂದ್ರದಲ್ಲೇ ದೂರು ಒಯ್ಯಬಹುದು. ಸೇವಾ ನ್ಯೂನತೆಯಿಂದ ನಷ್ಟವಾಗಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ಬಾಗಿಲೂ ತೆರೆದಿದೆ.

ಇಂಗ್ಲಿಷ್ ಬಾರದವರಿಗೆ ವರದಿ ತೆಗೆಸುವುದು ಸುಲಭವಲ್ಲ. ಹಾಗೆಂದು ಅಂಗಡಿಯವನ ಕೈಗೆ ಮೊಬೈಲ್ ಕೊಟ್ಟು ಒಟಿಪಿ ಹೇಳಿದರೆ ಕಳ್ಳನಿಗೆ ನಾವೇ ಕೀಲಿ ಕೊಟ್ಟಂತೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಈ ಕೆಲಸವನ್ನು ಅವರೇ ಮಾಡಿಕೊಡಬೇಕು. ನಗರದಲ್ಲಿ ಉದ್ಯೋಗದಲ್ಲಿರುವವರು ಹಬ್ಬಕ್ಕೆ ಊರಿಗೆ ಬಂದಾಗ ತಂದೆತಾಯಿಯ ವರದಿ ಒಮ್ಮೆ ತೆಗೆದು ನೋಡಿದರೆ ಅರ್ಧ ಗಂಟೆಯ ಕೆಲಸ.

ಆದರೂ ಮೂಲ ಪ್ರಶ್ನೆ ಉಳಿಯುತ್ತದೆ. ಕಾವಲು ಕಾಯುವ ಹೊಣೆಯನ್ನೆಲ್ಲ ಗ್ರಾಹಕನ ಮೇಲೆ ಹೊರಿಸುವುದು ನ್ಯಾಯವಲ್ಲ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನು ಕೋಟ್ಯಂತರ ಜನರಿಗೆ ಉಚಿತವಾಗಿ ಕೊಡಲು ಸಾಧ್ಯವಾದ ದೇಶದಲ್ಲಿ, ನಾಲ್ಕು ಕಂಪೆನಿಗಳ ಬಳಿಯಿರುವ ವರದಿಗೂ ಅಂಥದೇ ಬೀಗ ಒದಗಿಸುವುದು ತಾಂತ್ರಿಕವಾಗಿ ಕಷ್ಟವಾಗಲಾರದು. ಬೇಕಿರುವುದು 2005ರ ಕಾಯ್ದೆಗೆ ಒಂದು ತಿದ್ದುಪಡಿ. ಅದು ಬರುವತನಕ ವರ್ಷಕ್ಕೆ ನಾಲ್ಕು ಬಾರಿ ದೊರೆಯುವ ಉಚಿತ ವರದಿಯೇ ನಮಗಿರುವ ರಕ್ಷಣೆ. ಸಾಲ ಬೇಕಾದ ದಿನ ನೋಡುವುದಕ್ಕಿಂತ, ಬೇಡವಾದ ದಿನ ನೋಡಿಟ್ಟುಕೊಳ್ಳುವುದು ಲೇಸು.